ಮುಧೋಳ ಮರಿಗೆ ಮನೆ ತೋರಿಸಿದ್ದು

ಜೂನ್ 10, ಮಂಗಳವಾರ

ನಾಗರತ್ನಾ ಇವತ್ತು ಖಡಾಖಂಡಿತವಾಗಿ ಹೇಳಿಬಿಟ್ಟಳು. ಒಂದೋ ನಾನು ಇನ್ನೊಂದು ನೌಕರಿ ಹುಡುಕಬೇಕು, ಇಲ್ಲವೇ ನಾಯಿ ಸಾಕಬೇಕು. ಜನ್ಮವಿಡೀ ಮುಂಬಯಿಯ ಭಾಂಡುಪ್‌ನ ಬಣ್ಣದ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದವನು ರಿಟೈರಾಗಿ ಮನೆಯಲ್ಲಿ ಕೂತರೆ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸದೆ ಇನ್ನೇನು ಮಾಡಬೇಕು? ಹಳೆಯ ಸಾಸಿವೆ ಮುಂದಿರಲಿ, ಹೊಸದು ಹಿಂದಿರಲಿ ಎಂದಷ್ಟೇ ನಾನು ಹೇಳಿದ್ದು.

ಅವಳು ಲಟ್ಟಣಿಗೆ ಕೆಳಗಿಟ್ಟು, "ನಿಮಗ ಹೇಳಿದ್ದು ಕೇಳೋರು ಯಾರರೆ ಬೇಕು. ನನ್ನ ಕೈಲೆ ಆಗೂದಿಲ್ಲ. ಒಂದು ನಾಯಿ ತಗೊಂಡು ಬರ್ರಿ," ಎಂದಳು.

ಯೋಚಿಸಿದೆ. ಸಾಕಿದರೆ ಮುಧೋಳದ ನಾಯಿಯನ್ನೇ ಸಾಕಬೇಕು. ನಾವು ಜಮಖಂಡಿ ಕಡೆಯವರು, ಮುಧೋಳ ನಮಗೆ ಮಗ್ಗುಲಲ್ಲೇ. ಊರು ಬಿಟ್ಟು ಬಂದವನು ನಾಯಿಯನ್ನಾದರೂ ಊರಿನದನ್ನು ಇಟ್ಟುಕೊಳ್ಳಬೇಡವೇ?

ಸಂಜೆ ಶಿವಕುಮಾರಿಯ ಫೋನು. ನಮ್ಮ ಒಬ್ಬಳೇ ಮಗಳು, ಸಾಂತಾಕ್ರೂಜ್‌ಗೆ ಕೊಟ್ಟಿದ್ದೇವೆ. ಯಾವಾಗಲೂ ಹಾಲು ತರಲು ಕೆಳಗಿಳಿದಾಗಲೇ ಫೋನು ಮಾಡುತ್ತಾಳೆ. ಒಂದು ಹೊತ್ತಿನಲ್ಲಿ ಎರಡು ಕೆಲಸ ಮುಗಿಸುವುದನ್ನು ನನ್ನಿಂದಲೇ ಕಲಿತದ್ದು. ನಾಯಿ ತರುತ್ತೇವೆ ಎಂದೆ, ನಕ್ಕಳು. ಆಮೇಲೆ, "ಅಪ್ಪಾ, ನನಗ ಇಲ್ಲಿ ಆಗವಲ್ದು. ಮನಿಗೆ ಬಂದ್‌ಬಿಡ್ಲೇನು?" ಎಂದಳು. ಮದುವೆಯಾದ ಹೊಸದರಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ. ನಾಗರ ಪಂಚಮಿಗೆ ಹೇಗೂ ನಾನೇ ಕರೆಯಲು ಬರುತ್ತೇನಲ್ಲ, ಆಗ ಮಾತಾಡೋಣ ಎಂದೆ. ಹೂಂ ಎಂದಳು. ಹಾಲು ಕೆಡುತ್ತದೆಂದೋ ಏನೋ, ಬೇಗ ಇಟ್ಟುಬಿಟ್ಟಳು.

ಜೂನ್ 15, ಭಾನುವಾರ

ನಮ್ಮ ಬಿಲ್ಡಿಂಗಿನ ಬಿ ವಿಂಗಿನ ಖಂಡಪ್ಪ ನಾಯಿ ಸಾಕುವವರ ಪತ್ತೆ ಹಚ್ಚಿಕೊಟ್ಟ. ಅವನು ನಾಗರತ್ನಾಳ ತವರು ಕಡೆಯ ನೆಂಟ. ಮುಂಬಯಿಯ ನಮ್ಮ ಮಂದಿಯಲ್ಲಿ ಅವನಿಗೆ ಗೊತ್ತಿಲ್ಲದವರಿಲ್ಲ. ಶಿವಕುಮಾರಿಗೆ ಸಾಂತಾಕ್ರೂಜ್ ಸಂಬಂಧ ತಂದವನೂ ಅವನೇ. ಗಂಡು ಹುಡುಕಿದವನಿಗೆ ನಾಯಿ ಹುಡುಕುವುದೇನು ಮಹಾ.

ಠಾಣೆಯಲ್ಲಿ ಲೋಕಲ್ ಬದಲಿಸಿ ಬದ್ಲಾಪುರಕ್ಕೆ ಹೋದೆವು. ರಾಚವ್ವ ಟೀಚರ್ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಈಗ ದೊಡ್ಡ ಅಂಗಳದ ಮನೆಯಲ್ಲಿ ಮುಧೋಳ ತಳಿಯನ್ನು ಮಾತ್ರ ಸಾಕುತ್ತಾರೆ. ನಾನು ಒಂದು ಚೀಲದಲ್ಲಿ ಮಾವಿನ ಹಣ್ಣು ಒಯ್ದಿದ್ದೆ. ಬರುವಾಗ ಅದೇ ಚೀಲದಲ್ಲಿ ಮರಿ ತರುವ ಅಂದಾಜು.

ಮರಿ ತೋರಿಸಲಿಲ್ಲ. ಜಗುಲಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರು.

"ಮನ್ಯಾಗ ಇಡೀ ದಿನ ಯಾರಿರ್ತಾರ? ಅದು ಎಲ್ಲಿ ಮಲಗ್ತೈತಿ? ಜಡ್ಡಾದ್ರ ಯಾವ ಡಾಕ್ಟರಿಗೆ ತೋರಸ್ತೀರಿ? ಊರಿಗೆ ಹೋದ್ರ ಯಾರ ಕಡೆ ಬಿಡ್ತೀರಿ? ಸಿಟ್ಟು ಬಂದ್ರ ಏನ್ ಮಾಡ್ತೀರಿ?"

ನನಗೆ ಸಿಟ್ಟೇ ಬರುವುದಿಲ್ಲ ಎಂದೆ. ನಾಗರತ್ನಾಗೆ ಕೆಮ್ಮು ಬಂತು. ಟೀಚರ್ ಅವಳಿಗೆ ನೀರು ಕೊಟ್ಟು ನನ್ನನ್ನೇ ನೋಡಿದರು.

ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲವಂತೆ. ಆಗಸ್ಟ್‌ವರೆಗೆ ತಾಯಿಯ ಹತ್ತಿರವೇ ಇರಬೇಕು, ಯಾರು ಎಷ್ಟು ಕೊಟ್ಟರೂ ಅದಕ್ಕಿಂತ ಮೊದಲು ಕೊಡುವುದಿಲ್ಲ, ಕೊಡುವ ಮುಂಚೆ ನಮ್ಮ ಮನೆ ನೋಡಬೇಕು, ಅಲ್ಲಿಯವರೆಗೆ ನಾನು ಪ್ರತಿ ಭಾನುವಾರ ಬಂದು ಅವರ ನಾಯಿಗಳನ್ನು ಅಡ್ಡಾಡಿಸಬೇಕು. ತಾಯಿನಾಯಿ ಹೊನ್ನಿಯನ್ನು ಮಾತ್ರ ಕಿಟಕಿಯಿಂದ ತೋರಿಸಿದರು. ಮಡಚಿಟ್ಟ ಛತ್ರಿಯಷ್ಟು ತೆಳ್ಳಗಿದೆ. ಊಟಕ್ಕೆ ಸರಿಯಾಗಿ ಹಾಕುವುದಿಲ್ಲವೇ ಎಂದು ಕೇಳಿದೆ. ತಳಿಯೇ ಹಾಗಂತೆ.

ವಾಪಸ್ ಬರುವಾಗ ರೈಲಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಶಿವಕುಮಾರಿಯನ್ನು ಕೊಡುವಾಗ ನಾನು ಕೇಳಿದ್ದು ಎರಡೇ ಮಾತು: ಪಗಾರ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ. ಅಷ್ಟರಲ್ಲಿ ಉಪ್ಪಿಟ್ಟು ಬಂತು, ಮಾತುಕತೆ ಮುಗಿಯಿತು. ಒಂದು ನಾಯಿ ಕೊಡಲು ಈ ಹೆಂಗಸಿಗೆ ಇಷ್ಟು ಜಂಬವೇ!

ಜೂನ್ 22, ಭಾನುವಾರ

ಹೋದೆ. ಹೋಗಬಾರದೆಂದು ಶನಿವಾರ ರಾತ್ರಿಯವರೆಗೂ ಇದ್ದೆ.

ಹೊನ್ನಿಯ ತಮ್ಮನನ್ನು ನನ್ನ ಕೈಗೆ ಕೊಟ್ಟರು. ಮಳೆ ಸುರಿಯುತ್ತಿತ್ತು. ಅದು ನನ್ನನ್ನು ಬದ್ಲಾಪುರದ ಒಂದು ಕಾಲುವೆಯವರೆಗೆ ಎಳೆದುಕೊಂಡು ಹೋಗಿ, ನೀರು ನೋಡಿ, ಎಳೆದುಕೊಂಡು ವಾಪಸ್ ಬಂತು. ಯಾರು ಯಾರನ್ನು ಅಡ್ಡಾಡಿಸಿದರು ಎಂದು ಟೀಚರ್ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವರು.

ಚಹಾ ಕೊಡುತ್ತ ತಮ್ಮ ನಾಯಿಗಳ ದೋಷವನ್ನೆಲ್ಲ ತಾವೇ ಹೇಳಿದರು. "ಹಟಮಾರಿ ಜಾತಿ ರೀ. ಕರೆದ್ರ ಮನಸಿದ್ರ ಬರ್ತೈತಿ, ಇಲ್ಲಂದ್ರ ಇಲ್ಲ. ಬೆಕ್ಕು ಕಂಡ್ರ ನಿಮ್ಮನ್ನ ರಸ್ತೇದಾಗ ಬಿಟ್ಟು ಓಡ್ತೈತಿ. ಚಳಿ ತಡಿಯೂದಿಲ್ಲ." ಕೊಡುವವರು ಹೀಗೆ ಮಾತಾಡುವುದನ್ನು ನಾನು ಎಲ್ಲೂ ಕೇಳಿಲ್ಲ. ನಮ್ಮ ಖಂಡಪ್ಪ ಅಳಿಯನ ಬಗ್ಗೆ ಹೇಳಿದ್ದು, "ಹುಡುಗ ಬಂಗಾರ, ತಾಯಿ ದೇವರು." ವ್ಯವಹಾರ ಅಂದರೆ ಹಾಗೆ. ಈ ಟೀಚರ್ ಅಂಗಡಿ ಇಟ್ಟಿದ್ದರೆ ದಿವಾಳಿ ಎದ್ದಿರುತ್ತಿದ್ದರು.

ಜುಲೈ 3, ಗುರುವಾರ

ಶಿವಕುಮಾರಿಯ ಫೋನು ಬರುತ್ತಿಲ್ಲ. ನಾವು ಮಾಡಿದರೆ ಅಳಿಯ ಅನಿಲ ಎತ್ತಿದ. ಹಾಲು ಈಗ ಮನೆಗೇ ಬರುವಂತೆ ಮಾಡಿದ್ದಾನಂತೆ, ಅವಳು ಕೆಳಗೆ ಇಳಿಯುವ ತಾಪತ್ರಯವೇ ಇಲ್ಲ. ಅನುಕೂಲವಾಯಿತು.

ನಾಗರತ್ನಾ ಊಟ ಮಾಡಲಿಲ್ಲ. ಅಸಿಡಿಟಿ ಇರಬೇಕು.

ಜುಲೈ 5, ಶನಿವಾರ

ರಾಚವ್ವ ಟೀಚರ್ ಮನೆ ನೋಡಲು ಬಂದಿದ್ದರು.

ನಮಗೆ ಮನೆ ತೋರಿಸುವುದು ಒಂದೇ ರೀತಿಯಲ್ಲಿ ಗೊತ್ತು, ಹೆಣ್ಣು ನೋಡಲು ಬಂದವರಿಗೆ ತೋರಿಸುವ ರೀತಿ. ಬೆಳಿಗ್ಗೆಯಿಂದ ಅದನ್ನೇ ಮಾಡಿದೆವು. ಖಂಡಪ್ಪನ ಮನೆಯಿಂದ ಎರಡು ಒಳ್ಳೆಯ ಕುರ್ಚಿ ತಂದೆವು. ಶಿರಾ, ಉಪ್ಪಿಟ್ಟು ಆಯಿತು. ಬಾಲ್ಕನಿಯ ಗ್ರಿಲ್ಲಿನಲ್ಲಿ ಒಂದು ಸರಳು ಎಂದೋ ಕಿತ್ತುಹೋಗಿದೆ. ಅದು ಕಾಣದಂತೆ ನಾಗರತ್ನಾಳ ಇಳಕಲ್ ಸೀರೆ ಹರವಿದೆವು. ಹೊರಗೆ ಜಡಿಮಳೆ, ಒಳಗೆ ಸೀರೆ ಒಣಹಾಕಿದ್ದು ಯಾರಿಗೂ ಅನುಮಾನ ಬಾರದು ಎಂದು ನನ್ನ ಲೆಕ್ಕ.

ಟೀಚರ್ ಕುರ್ಚಿಯಲ್ಲಿ ಕೂರಲಿಲ್ಲ. ನೇರ ಬಾಲ್ಕನಿಗೆ ಹೋಗಿ ಸೀರೆ ಸರಿಸಿ, ಆ ಸಂದಿಯಲ್ಲಿ ಕೈ ತೂರಿಸಿ ನೋಡಿದರು. "ಮರಿ ತಲಿ ಇದರಾಗ ಹಾಯ್ತೈತಿ. ಮೂರನೇ ಫ್ಲೋರು." ಆಮೇಲೆ ನನ್ನ ಕಡೆ ತಿರುಗಿ, "ಸರ, ನಾನು ಹೆಣ್ಣು ನೋಡಾಕ ಬಂದಿಲ್ರಿ. ಇವತ್ತು ನೀವು ಮುಚ್ಚಿಟ್ಟಿದ್ರಾಗ ನಾಳಿ ಬೀಳೂದು ಮರಿ. ನಾನಲ್ಲ, ನೀವಲ್ಲ," ಎಂದರು. ಅಷ್ಟು ಸಮಾಧಾನದಿಂದ ಬೈಸಿಕೊಂಡು ನನಗೆ ಅಭ್ಯಾಸವಿಲ್ಲ.

ಗೋಡೆಯ ಮೇಲೆ ಶಿವಕುಮಾರಿಯ ಫೋಟೋ ಇದೆ, ಪವಾಯಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಬಿಳಿ ಕೋಟು ಹಾಕಿಕೊಂಡು ತೆಗೆಸಿದ್ದು.

"ಇವ್ರು?"

"ಮಗಳು. ಮದುವಿ ಆಗೇತಿ," ಎಂದೆ.

"ಕೆಲಸ?"

"ಬಿಟ್ಟಾಳ."

"ಬಿಟ್ಟಿಲ್ಲ, ಬಿಡಿಸ್ಯಾರ," ಎಂದಳು ನಾಗರತ್ನಾ ಅಡುಗೆಮನೆಯಿಂದ.

"ಬಂದು ಹೋಗಿ ಮಾಡ್ತಾರೇನು? ಮರಿಗೆ ಮನಿ ಮಂದಿ ಎಲ್ಲಾರ ಗುರ್ತು ಇರಬೇಕು, ಅದಕ್ಕ ಕೇಳ್ದೆ. ಕಡೀಗೆ ಯಾವಾಗ ಬಂದಿದ್ರು?"

"ದೀಪಾವಳಿಗೆ," ಎಂದೆ.

ಟೀಚರ್ ಮಳೆ ನೋಡಿದರು. "ಸಾಂತಾಕ್ರೂಜ್ ಅಂದ್ರ ಇಲ್ಲಿಂದ ಭಾಳ ದೂರ ಏನ್ರಿ?"

"ದಾದರದಾಗ ಗಾಡಿ ಬದಲಿ ಮಾಡಬೇಕು," ಎಂದೆ.

ಅವರು ಶಿರಾ ಮುಟ್ಟಲಿಲ್ಲ, ಸಕ್ಕರೆ ಕಾಯಿಲೆಯಂತೆ. ಉಪ್ಪಿಟ್ಟು ತಿಂದರು. ಗ್ರಿಲ್ ರಿಪೇರಿ ಮಾಡಿಸಿ ಫೋಟೋ ಕಳಿಸಿ ಎಂದು ಹೇಳಿ ಹೋದರು.

ಜುಲೈ 13, ಭಾನುವಾರ

ಗ್ರಿಲ್ ಆಯಿತು. ಸರಳುಗಳ ಸಂದಿಗೆ ಜಾಳಿಯನ್ನೂ ಹಾಕಿಸಿದೆ, ಕೇಳದಿದ್ದರೂ.

ನಮಗೆ ಯಾವ ಮರಿ ಎಂಬುದನ್ನು ಟೀಚರೇ ಆರಿಸಿದರು. ಕೊಳ್ಳುವವನಿಗೆ ಆರಿಸುವ ಹಕ್ಕಿಲ್ಲ. ಬಾಲದ ತುದಿ ಬೆಳ್ಳಗಿರುವ ಹೆಣ್ಣು ಮರಿ. "ಇದು ಸ್ವಲ್ಪ ಅಂಜುಬುರುಕಿ. ಗಟ್ಟಿ ದನಿ ಕೇಳಿದ್ರ ಮೂಲಿ ಸೇರ್ತೈತಿ. ಗದ್ದಲದ ಮನಿಗೆ ಕೊಟ್ರ ಕೆಡ್ತೈತಿ. ನೀವು ಇಬ್ಬರ ಇರ್ತೀರಿ, ಅದಕ್ಕ ನಿಮಗ." ಮರಿ ನನ್ನ ಅಂಗೈ ಮೂಸಿ, ಅಲ್ಲೇ ಗದ್ದ ಊರಿ ಮಲಗಿತು. ಕೈ ಜೋಮು ಹಿಡಿಯುವವರೆಗೆ ಅಲ್ಲಾಡಿಸಲಿಲ್ಲ. ಹಿಡಿದ ಮೇಲೂ ಸ್ವಲ್ಪ ಹೊತ್ತು.

ರೈಲಿನಲ್ಲಿ ಒಬ್ಬ ಮೊಬೈಲಿನಲ್ಲಿ ಜೋರಾಗಿ ಕಿರುಚುತ್ತಿದ್ದ. ಮೆಲ್ಲಗೆ ಮಾತಾಡಯ್ಯಾ ಎಂದು ಹಿಂದಿಯಲ್ಲಿ ಹೇಳಿದೆ. ನನ್ನ ಕೈಯಲ್ಲಿ ಮರಿ ಇರಲಿಲ್ಲ. ಯಾಕೆ ಹೇಳಿದೆನೋ.

ಜುಲೈ 20, ಭಾನುವಾರ

ಇವತ್ತು ನಾಯಿ ಅಡ್ಡಾಡಿಸಲು ಆಗಲಿಲ್ಲ.

ನಾನು ಹೋದಾಗ ಗೇಟಿನಲ್ಲಿ ಒಂದು ಕಾರು ನಿಂತಿತ್ತು. ಹಿಂದಿನ ಸೀಟಿನಿಂದ ಒಬ್ಬ ಗಂಡಸು ಒಂದು ದೊಡ್ಡ ನಾಯಿಯನ್ನು ಇಳಿಸಿದ. ಇದೇ ಮನೆಯಲ್ಲಿ ಹುಟ್ಟಿದ್ದು, ಮೂರು ವರ್ಷದ ಹಿಂದೆ ಪುಣೆಯವರಿಗೆ ಕೊಟ್ಟಿದ್ದಂತೆ. ಅವರ ಮನೆಯಲ್ಲಿ ಏನೋ ಹೊಂದಿಕೆಯಾಗಲಿಲ್ಲ. ಅದು ಬಾಲ ಕಾಲಸಂದಿಗೆ ಸೇರಿಸಿಕೊಂಡು ನಿಂತಿತ್ತು, ಪಕ್ಕೆಲುಬು ಎಣಿಸುವಂತಿತ್ತು. ತಳಿಯೇ ತೆಳ್ಳಗೆ ಎಂದು ನಾನು ಟೀಚರಿಗೆ ಜ್ಞಾಪಿಸಿದೆ. "ತೆಳ್ಳಗಿರೋದು ಬ್ಯಾರೆ, ಸೊರಗೋದು ಬ್ಯಾರೆ ರೀ," ಎಂದರು.

ಆ ಮನುಷ್ಯನಿಗೆ ಸರಿಯಾಗಿ ಜಾಡಿಸುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವನು ಮಾತು ಶುರು ಮಾಡುವಷ್ಟರಲ್ಲಿ ಟೀಚರ್ ಗೇಟು ಪೂರಾ ತೆಗೆದು, ಮಳೆಯಲ್ಲೇ ನೆಲಕ್ಕೆ ಕೂತು, "ಬಂದೆಯೇನವ್ವಾ. ಬಾ," ಎಂದರು. ನಾಯಿ ಮೊದಲು ಬರಲಿಲ್ಲ. ಬಹಳ ಹೊತ್ತು ಮಣ್ಣು ಮೂಸಿತು. ಆಮೇಲೆ ಬಂದು ಅವರ ಕೊರಳಿಗೆ ಮೂತಿ ತುರುಕಿತು. ಕಾರು ಹೋಯಿತು. ಹೋದದ್ದನ್ನು ಟೀಚರ್ ನೋಡಲೇ ಇಲ್ಲ.

ಯಾವ ಕಾಲಕ್ಕೆ ಏನೇ ಆಗಲಿ, ಇಟ್ಟುಕೊಳ್ಳಲಾಗದಿದ್ದರೆ ತಿರುಗಿ ಇಲ್ಲಿಗೇ ತಂದುಬಿಡಬೇಕು, ಬೇರೆ ಎಲ್ಲೂ ಬಿಡಕೂಡದು ಎಂಬುದು ಅವರ ಷರತ್ತು. ನಮಗೂ ಅದನ್ನೇ ಹೇಳಿದ್ದಾರೆ. ನಾನು ವ್ಯವಹಾರ ಬಲ್ಲವನು, ಸುಮ್ಮನಿರಲಾಗಲಿಲ್ಲ. "ಟೀಚರ್, ಹಿಂಗ ವಾಪಸ್ ತಗೊಂಡ್ರ ಮಂದಿ ಏನಂದಾರು? ನಿಮ್ಮ ನಾಯಿನ ಸರಿ ಇಲ್ಲ, ಅದಕ್ಕ ಬಂತು ಅಂತಾರ," ಎಂದೆ.

ಅವರು ಸೆರಗಿನಿಂದ ಅದರ ಕಿವಿ ಒರೆಸುತ್ತಿದ್ದರು. "ಅಂದ್ರ ಅನ್ಲಿ ಬಿಡ್ರಿ. ಹುಟ್ಟಿಸಿದಾಕಿ ನಾನು. ಇನ್ನೊಬ್ಬರಿಗೆ ಕೊಟ್ಟೆ ಅಂದ ಕೂಡ್ಲೆ ನನ್ನ ಜವಾಬ್ದಾರಿ ಮುಗೀತೇನು?"

ನನ್ನ ಮರಿಯನ್ನು ನೋಡದೆ ಬಂದುಬಿಟ್ಟೆ. ಛತ್ರಿ ಅಲ್ಲೇ ಉಳಿಯಿತು.

ಜುಲೈ 24, ಗುರುವಾರ

ಅನಿಲನ ಫೋನು. ಪಂಚಮಿಗೆ ಶಿವಕುಮಾರಿಯನ್ನು ಕಳಿಸಲಾಗುವುದಿಲ್ಲವಂತೆ. ಅವನ ತಾಯಿಗೆ ಮೊಣಕಾಲು ನೋವು. ನಾನು ಕರೆಯಲು ಬರುವುದೂ ಬೇಡವಂತೆ. ಅವಳಿಗೆ ಕೊಡು ಎಂದೆ. ಸ್ನಾನಕ್ಕೆ ಹೋಗಿದ್ದಾಳೆ ಎಂದ. ನಿನ್ನೆ ನಾಗರತ್ನಾ ಕೇಳಿದಾಗಲೂ ಸ್ನಾನಕ್ಕೇ ಹೋಗಿದ್ದಳಂತೆ.

ನಾಗರತ್ನಾ ಶೇಂಗಾ ಉಂಡಿಗೆ ಬೆಲ್ಲ ಕುಟ್ಟುತ್ತಿದ್ದವಳು ಕುಟ್ಟುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ಮತ್ತೆ ಕುಟ್ಟಿದಳು.

ಖಂಡಪ್ಪನಿಗೆ ಹೇಳಿದೆ. "ಇರ್ಲಿ ಬಿಡೋ ದೇವಾನಂದ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ಹಿರ್ಯಾರು ಸುಮ್ನ ಅಂದಾರೇನು? ಹೊಂದ್ಕೋತಾಳ," ಎಂದ. ಗಾದೆ ಗೊತ್ತಿದ್ದದ್ದೇ. ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಇವತ್ತು ಅದನ್ನು ಕೇಳಿ ಅವನ ಎರಡೂ ಕುರ್ಚಿಗಳನ್ನು ತಕ್ಷಣ ವಾಪಸ್ ಒಯ್ದು ಕೊಟ್ಟೆ.

ಜುಲೈ 27, ಭಾನುವಾರ

ಬದ್ಲಾಪುರಕ್ಕೆ ಬರುವುದಿಲ್ಲ ಎಂದು ಟೀಚರಿಗೆ ಫೋನು ಮಾಡಿ, ಉಂಡಿ ಡಬ್ಬಿ ಹಿಡಿದು ಸಾಂತಾಕ್ರೂಜ್‌ಗೆ ಹೋದೆ. ಹಬ್ಬದ ಉಂಡಿ ಕೊಟ್ಟು ಬರೋಣವೆಂದು, ಅಷ್ಟೇ.

ಬೀಗಿತಿ ದೇವಕ್ಕ ಬಾಗಿಲು ತೆಗೆದರು. ಮೊಣಕಾಲು ಚೆನ್ನಾಗಿಯೇ ಇತ್ತು. ಅನಿಲ ಟೀವಿ ನೋಡುತ್ತಿದ್ದ. ಶಿವಕುಮಾರಿ ನೀರು ತಂದಳು. ಲೋಟ ಕೊಡಲು ಕೈ ಎತ್ತಿದಾಗ ಬಳೆಗಳು ಮೊಣಕೈವರೆಗೆ ಜಾರಿದವು. ದೀಪಾವಳಿಯಲ್ಲಿ ಇವೇ ಬಳೆಗಳನ್ನು ನಾಗರತ್ನಾ ಸೋಪು ಹಚ್ಚಿ, ಅವಳು ಅವ್ವಾ ನೋಯ್ತೈತಿ ಅನ್ನುವಷ್ಟು ಒತ್ತಿ ತೊಡಿಸಿದ್ದಳು. ಸ್ಟೋರಿನಲ್ಲಿ ಡ್ರಮ್ಮು ಮುಟ್ಟಿದರೆ ಎಷ್ಟು ಖಾಲಿಯಾಗಿದೆ ಎಂದು ಹೇಳುತ್ತಿದ್ದವನು ನಾನು. ಲೋಟ ಹಿಡಿದುಕೊಂಡೇ ಕೂತೆ.

"ಹಬ್ಬಕ್ಕ ಕಳಸೂದಿಲ್ಲ ಅಂತ ಅನಿಲ ಹೇಳಿದ್ನಲ್ರಿ ಬೀಗರ," ಎಂದರು ದೇವಕ್ಕ.

"ಹೌದ್ರಿ," ಎಂದೆ. ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ. "ಈಕಿ ಎಲ್ಲಿ ಮಲಗ್ತಾಳ್ರಿ?" ಎಂದು ಕೇಳಿಬಿಟ್ಟೆ.

"ಏನು?"

"ಎಲ್ಲಿ ಮಲಗ್ತಾಳ. ಎಷ್ಟೊತ್ತಿಗೆ ಉಣ್ಣಾಕ ಕೊಡ್ತೀರಿ? ಜಡ್ಡಾದ್ರ ಯಾವ ಡಾಕ್ಟರಿಗೆ ತೋರಸ್ತೀರಿ? ನಿಮಗ ಸಿಟ್ಟು ಬಂದ್ರ ಏನ್ ಮಾಡ್ತೀರಿ?"

ಅನಿಲ ಟೀವಿಯ ಸದ್ದು ಕಡಿಮೆ ಮಾಡಿದ. "ಮಾವ, ಇದೇನ್ ಇಂಟರ್‌ವ್ಯೂ ಚಾಲೂ ಮಾಡೀರಿ?"

ಶಿವಕುಮಾರಿಯೇ ಹೇಳಿದಳು. "ಅಡಗಿಮನಿ ನೆಲದ ಮ್ಯಾಲೆ ಮಲಗ್ತೀನಿ ಅಪ್ಪಾ. ಎಲ್ಲಾರದೂ ಆದ ಮ್ಯಾಲೆ ಉಳಿದಿದ್ರ ಉಣ್ತೀನಿ. ಫೋನು ಅತ್ತಿ ಕಪಾಟಿನ್ಯಾಗ ಐತಿ." ಸಿಟ್ಟಿನ ಪ್ರಶ್ನೆಗೆ ಮಾತ್ರ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ನನಗೆ ಸಿಟ್ಟೇ ಬರುವುದಿಲ್ಲ ಎಂದು ಟೀಚರಿಗೆ ಹೇಳಿದ್ದು ಸುಳ್ಳು. ಬಂತು. ಆದರೆ ದನಿ ಏರಿಸಲಿಲ್ಲ, ಅವಳು ಈಗಾಗಲೇ ಮೂಲೆಯಲ್ಲಿ ನಿಂತಿದ್ದಳು. "ಚಪ್ಪಲಿ ಹಾಕ್ಕೋಳವ್ವಾ. ನಡಿ," ಎಂದೆ.

ದೇವಕ್ಕ ಬಾಗಿಲಿಗೆ ಅಡ್ಡ ಬಂದರು. "ಈಗ ಹೊಸ್ತಿಲ ದಾಟಿದ್ರ ಮತ್ತ ಒಳಗ ಕರ್ಕೋಳೂದಿಲ್ಲ ನೋಡ್ರಿ."

"ಬ್ಯಾಡ್ರಿ," ಎಂದೆ. "ಆಕಿ ಫೋನು ಕೊಡ್ರಿ. ಕಾಲೇಜಿನ ಸರ್ಟಿಫಿಕೇಟೂ ಕೊಡ್ರಿ. ಪೊಲೀಸ್ ಸ್ಟೇಷನ್ ಇಲ್ಲೇ ನಾಕಾ ಮೂಲ್ಯಾಗ ಐತಿ, ಬರುವಾಗ ನೋಡೀನಿ."

ಕೊಟ್ಟರು. ಕೊಟ್ಟಿದ್ದ ಉಂಡಿ ಡಬ್ಬಿಯನ್ನೂ ನಾನು ಟೀಪಾಯಿಯಿಂದ ಎತ್ತಿಕೊಂಡೆ. ಸಭ್ಯತೆ ಅಲ್ಲ, ಗೊತ್ತು.

ದಾದರದಲ್ಲಿ ಗಾಡಿ ಬದಲಿಸಿದೆವು. ಕೂರಲು ಜಾಗ ಸಿಕ್ಕಿತು. ಅವಳು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಂದು ಉಂಡಿ ತಿಂದಳು. ಆಮೇಲೆ ಇನ್ನೊಂದು. ಆಮೇಲೆ ನಾನು ನೋಡುತ್ತಿರುವುದನ್ನು ನೋಡಿ ನಿಲ್ಲಿಸಿದಳು. ನಾನು ಕಿಟಕಿಯ ಕಡೆ ತಿರುಗಿದೆ, ಅವಳು ತಿನ್ನಲಿ ಎಂದು. ಕುರ್ಲಾ ದಾಟುವಾಗ ನನಗೆ ಅಳು ಬಂತು. ಸುತ್ತ ಭಾನುವಾರದ ಜನ. ಕಣ್ಣಿಗೆ ಏನೋ ಬಿತ್ತು ಎಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅತ್ತುಬಿಟ್ಟೆ, ಅಷ್ಟೇ.

ನಾಗರತ್ನಾ ಬಾಗಿಲು ತೆಗೆದು, ಅವಳನ್ನು ನೋಡಿ, ನನ್ನನ್ನು ನೋಡಿ, "ಛತ್ರಿ ಎಲ್ಲಿ?" ಎಂದಳು. ಆಮೇಲೆ ಮಗಳನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

ಜುಲೈ 29, ಮಂಗಳವಾರ

ಪಂಚಮಿ. ನಾಗಪ್ಪನಿಗೆ ಹಾಲೆರೆದೆವು. ಶಿವಕುಮಾರಿ ಮಧ್ಯಾಹ್ನದವರೆಗೆ ಮಲಗಿದ್ದಳು. ಯಾರೂ ಎಬ್ಬಿಸಲಿಲ್ಲ. ನಾನು ಕುಕ್ಕರು ಸೀಟಿ ಹೊಡೆಯದಂತೆ ಗ್ಯಾಸಿನ ಪಕ್ಕ ನಿಂತು ಕಾದೆ. ಅನ್ನ ಮುದ್ದೆಯಾಯಿತು.

ಆಗಸ್ಟ್ 3, ಭಾನುವಾರ

ಇವತ್ತು ಮರಿ ತರುವ ದಿನವಾಗಿತ್ತು. ಟೀಚರಿಗೆ ಫೋನು ಮಾಡಿ ಸದ್ಯಕ್ಕೆ ಆಗುವುದಿಲ್ಲ ಎಂದೆ. ಅನಿಲ ಎರಡು ಸಲ ಬಂದು ಕೆಳಗೆ ನಿಂತು ಕೂಗಾಡಿ ಹೋಗಿದ್ದಾನೆ. ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟಿದ್ದೇವೆ, ವಕೀಲರನ್ನು ನೋಡಬೇಕಾಗಿದೆ. ಹೇಳುವಾಗ ನಾಚಿಕೆಯಾದೀತು ಎಂದುಕೊಂಡಿದ್ದೆ, ಎಲ್ಲವನ್ನೂ ಹೇಳಿದೆ. ಗದ್ದಲದ ಮನೆಗೆ ಆ ಮರಿ ಬೇಡ, ಬೇರೆಯವರಿಗೆ ಕೊಡಿ ಎಂದೂ ಹೇಳಿದೆ.

ಟೀಚರ್ ಹೇಳಿದ್ದು: "ಬ್ಯಾರೆಯವರು ಕೇಳಾಕ ಬಂದಿದ್ರು. ನಿಮ್ಮ ಹೆಸರಿಗೆ ಇಟ್ಟೀನಿ ಅಂತ ಹೇಳಿ ಕಳಿಸೀನಿ. ಮೊದಲ ನಿಮ್ಮ ಮನಿಗೆ ಕೊಡ್ಲೋ ಬ್ಯಾಡೋ ಅಂತಿದ್ದೆ, ಈಗ ಕೊಡ್ತೀನಿ. ಅವಸರ ಇಲ್ಲ. ಮಗಳನ್ನ ಕರ್ಕೊಂಡು ಬರ್ರಿ."

ಮೊದಲು ಯಾಕೆ ಅನುಮಾನವಿತ್ತು ಎಂದು ಕೇಳಿದೆ. ಅಷ್ಟರಲ್ಲಿ ಅವರ ನಾಯಿಗಳು ಬೊಗಳಿದವು, ಉತ್ತರ ಕೇಳಿಸಲಿಲ್ಲ.

ಆಗಸ್ಟ್ 31, ಭಾನುವಾರ

ಮೂವರೂ ಬದ್ಲಾಪುರಕ್ಕೆ ಹೋಗಿ ಮರಿ ತಂದೆವು. ಶಿವಕುಮಾರಿ ಅಂಗಳದಲ್ಲಿ ನೆಲದ ಮೇಲೆ ಕೂತಳು. ಮರಿ ಇವಳನ್ನು ನೋಡಿ ಹೆದರಿತು, ಇವಳು ಮರಿಯನ್ನು ನೋಡಿ ಹೆದರಿದಳು. ಟೀಚರ್ ನಮ್ಮಿಬ್ಬರನ್ನು ಒಳಗೆ ಚಹಾಕ್ಕೆ ಕರೆದರು. ಹೊರಗೆ ಬಂದಾಗ ಮರಿ ಅವಳ ದುಪಟ್ಟಾ ಜಗಿಯುತ್ತಿತ್ತು.

ನಾಳೆಯಿಂದ ಅವಳಿಗೆ ಪವಾಯಿಯ ಅದೇ ಲ್ಯಾಬಿನಲ್ಲಿ ಕೆಲಸ. ಹಗಲು ಮರಿ ನನ್ನ ಪಾಲಿಗೆ.

ಬಿಲ್ಡಿಂಗಿನ ಲಿಫ್ಟಿನ ಹತ್ತಿರ ಖಂಡಪ್ಪ ಸಿಕ್ಕ. ಮರಿಯನ್ನು ನೋಡಿ ಚಲೋ ಐತಿ ಎಂದ. ಶಿವಕುಮಾರಿಯೂ ನಾಗರತ್ನಾಳೂ ಗೇಟಿನ ಅಂಗಡಿಯಲ್ಲಿ ಹಾಲು ಕೊಳ್ಳಲು ಹಿಂದೆ ಉಳಿದಿದ್ದರು. ಅವನು ನನ್ನ ಹತ್ತಿರ ಸರಿದು ದನಿ ಇಳಿಸಿ, "ಆಕಿ ಯಾವಾಗ ಹೋಗ್ತಾಳ?" ಎಂದ.

"ಎಲ್ಲಿಗೆ?" ಎಂದೆ.

ಖಂಡಪ್ಪ ನನ್ನ ಮುಖವನ್ನೇ ನೋಡಿದ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ಅಂದುಕೊಂಡಿರಬೇಕು. ನಾನು ನಿಜವಾಗಿ ತಿಳಿಯದೆ ಕೇಳಿದ್ದು.